ಕಾಳಗದಲ್ಲಿ ಮರೆಮಾಚಿದ್ದೆಲ್ಲ ಮೋಸವೇ?

ಗುದ್ದು ಕೈಯಿಂದ ಹೊರಡುವ ಮೊದಲೇ ಮೈಯಲ್ಲಿ ಕಾಣಿಸಿಕೊಳ್ಳುತ್ತದೆ. ಭುಜ ತುಸು ಮೇಲೇಳುತ್ತದೆ, ಮೊಣಕೈ ಪಕ್ಕೆ ಬಿಟ್ಟು ಸರಿಯುತ್ತದೆ, ಭಾರ ಹಿಂಗಾಲಿಗೆ ಹೋಗುತ್ತದೆ, ಹೊಡೆಯಬೇಕಾದ ಜಾಗದತ್ತ ಕಣ್ಣು ಒಮ್ಮೆ ಹೊರಳುತ್ತದೆ. ಕಂಡದ್ದಕ್ಕೆ ಮೈ ಸ್ಪಂದಿಸಲು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತಾದರೂ ಬೇಕು. ಹತ್ತಿರದಿಂದ ಬಂದ ನೇರ ಗುದ್ದು ಅಷ್ಟರಲ್ಲಿ ಮುಖ ಮುಟ್ಟಿರುತ್ತದೆ. ಹಾಗಾಗಿ ಪಳಗಿದವನು ಮುಷ್ಟಿಯನ್ನು ನೋಡುತ್ತ ನಿಲ್ಲುವುದಿಲ್ಲ. ಎದುರಾಳಿಯ ಎದೆಯ ಮೇಲ್ಭಾಗದಲ್ಲಿ ದೃಷ್ಟಿ ನೆಟ್ಟು ಭುಜ, ಸೊಂಟ, ಕಾಲುಗಳ ಚಲನೆಯನ್ನು ಕಣ್ಣಂಚಿನಲ್ಲೇ ಹಿಡಿಯುತ್ತಾನೆ. ಹೊಡೆಯುವವನೂ ಇದನ್ನು ಬಲ್ಲ. ಕೈಯನ್ನು ಹಿಂದಕ್ಕೆಳೆಯದೆ ಇದ್ದಲ್ಲಿಂದಲೇ ಬಿಡುತ್ತಾನೆ, ಉಸಿರಿನ ಲಯ ಕೆಡದಂತೆ ನೋಡಿಕೊಳ್ಳುತ್ತಾನೆ. ಇನ್ನೂ ನುರಿತವನು ಬೇಕೆಂದೇ ಸುಳ್ಳು ಸುಳಿವು ಕೊಟ್ಟು, ಎದುರಾಳಿಯ ಕೈ ಅತ್ತ ಹೋದಾಗ ಇತ್ತ ಹೊಡೆಯುತ್ತಾನೆ.

ಧರ್ಮದ ಪ್ರಶ್ನೆ ಏಳುವುದು ಇಲ್ಲೇ. ಜೈನರ ಹಳೆಯ ಪುಣ್ಯಕ್ಷೇತ್ರ ಕೊಪಣ, ಅಂದರೆ ಇಂದಿನ ಕೊಪ್ಪಳ. ಆ ಧರ್ಮದ ಮುನಿಗಳು ಸತ್ಯವ್ರತವನ್ನು ಮನಸ್ಸು, ಮಾತು, ಕಾಯ ಮೂರರಲ್ಲೂ ಪಾಲಿಸಬೇಕು. ಮೈಯೂ ಸುಳ್ಳಾಡಬಲ್ಲದು ಎಂದಾದರೆ, ಹುಸಿ ಏಟು ಅಸತ್ಯವಾಗದೆ ಉಳಿಯುವುದು ಹೇಗೆ?

ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಅದೇ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಆನೆಗೊಂದಿಯೇ ಕಿಷ್ಕಿಂಧೆ ಎಂಬುದು ಜನರ ನಂಬಿಕೆ. ವಾಲ್ಮೀಕಿಯ ಕಥೆಯಲ್ಲಿ ವಾಲಿ ಸುಗ್ರೀವರು ಮುಷ್ಟಿಗಳಿಂದ ಬಡಿದಾಡುತ್ತಾರೆ. ಇಬ್ಬರ ಮೈಕಟ್ಟು ಒಂದೇ ಆದ್ದರಿಂದ ಮೊದಲ ಸಲ ರಾಮನಿಗೆ ಗುರುತು ಹತ್ತುವುದಿಲ್ಲ. ಏಟು ತಿಂದ ಸುಗ್ರೀವ ಋಷ್ಯಮೂಕಕ್ಕೆ ಓಡುತ್ತಾನೆ. ಎರಡನೇ ಸಲ ಅವನ ಕೊರಳಿಗೆ ಗಜಪುಷ್ಪಿಯ ಬಳ್ಳಿ ಬೀಳುತ್ತದೆ, ಮರೆಯಿಂದ ಬಾಣ ಬರುತ್ತದೆ. ಸಾಯುತ್ತಿರುವ ವಾಲಿ ತಮ್ಮನ ಯಾವ ಪಟ್ಟನ್ನೂ ದೂರುವುದಿಲ್ಲ. ಇನ್ನೊಬ್ಬನೊಡನೆ ಕಾದುತ್ತಿದ್ದಾಗ ಕಾಣದೆ ನಿಂತು ಹೊಡೆದದ್ದೇಕೆ ಎಂಬುದು ಅವನ ಆಕ್ಷೇಪ. ರಾಮನ ಸಮಾಧಾನವೂ ಗಮನಿಸತಕ್ಕದ್ದು: ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಇದು ರಾಜದಂಡನೆ, ಬೇಟೆಯಲ್ಲಿ ಮೃಗವನ್ನು ಮರೆಯಿಂದ ಹೊಡೆಯುವುದುಂಟು ಎನ್ನುತ್ತಾನೆ. ದ್ವಂದ್ವಯುದ್ಧದಲ್ಲಿ ಮರೆಯಿಂದ ಹೊಡೆಯುವುದು ಸರಿ ಎಂದು ಅವನೂ ವಾದಿಸುವುದಿಲ್ಲ. ತನ್ನ ಕೃತ್ಯವನ್ನು ದ್ವಂದ್ವದಿಂದಲೇ ಹೊರಗಿಡುತ್ತಾನೆ.

ಕಾಳಗದೊಳಗಿನ ಚಾತುರ್ಯಕ್ಕೂ ನಿಯಮಭಂಗಕ್ಕೂ ನಡುವಿನ ಈ ಗೆರೆಯನ್ನು ಮಹಾಭಾರತದ ಗದಾಯುದ್ಧ ಇನ್ನೂ ಸ್ಪಷ್ಟಗೊಳಿಸುತ್ತದೆ. ದುರ್ಯೋಧನ ಭೀಮನ ಏಟು ತಪ್ಪಿಸಲು ಮೇಲಕ್ಕೆ ನೆಗೆಯುವ ಉಪಾಯ ಹೂಡುತ್ತಾನೆ. ಭೀಮ ಅದನ್ನು ಮೊದಲೇ ಅರಿತು ತೊಡೆಗೆ ಹೊಡೆಯುತ್ತಾನೆ. ನೆಗೆತದ ವಂಚನೆಯನ್ನು ಯಾರೂ ತಪ್ಪೆನ್ನುವುದಿಲ್ಲ, ಅದನ್ನು ಓದಿದ ಜಾಣ್ಮೆಯನ್ನೂ ಅಲ್ಲ. ಬಲರಾಮ ಸಿಟ್ಟಾಗುವುದು ಹೊಕ್ಕುಳಿನ ಕೆಳಗೆ ಹೊಡೆಯಬಾರದೆಂಬ ನಿಯಮ ಮುರಿದದ್ದಕ್ಕೆ.

ಅಂದರೆ ಏಟಿನ ವೇಳೆಯನ್ನೂ ಗುರಿಯನ್ನೂ ಮುಚ್ಚಿಡಲು ಇಬ್ಬರೂ ಒಪ್ಪಿಯೇ ಕಣಕ್ಕಿಳಿದಿರುತ್ತಾರೆ. ತನ್ನ ಭುಜವನ್ನು ನಂಬೆಂದು ಯಾರೂ ಮಾತು ಕೊಟ್ಟಿರುವುದಿಲ್ಲ. ಕೊಡದ ಮಾತಿಗೆ ತಪ್ಪುವುದೂ ಇಲ್ಲ. ನಿಯಮಕ್ಕೆ ಮಾತ್ರ ಮಾತು ಕೊಟ್ಟಾಗಿದೆ. ಆನೆಗೊಂದಿಯ ಎದುರು ದಡದ ವಿಜಯನಗರದಲ್ಲಿ ಮಹಾನವಮಿಗೆ ಜಟ್ಟಿಗಳು ಮೊನೆಯುಳ್ಳ ಬಳೆ ಹಿಡಿದು ಕಾದುತ್ತಿದ್ದುದನ್ನು ಪೋರ್ಚುಗೀಸ್ ವ್ಯಾಪಾರಿ ನೂನಿಜ್ 1535ರ ಸುಮಾರಿಗೆ ಬರೆದಿಟ್ಟಿದ್ದಾನೆ. ಅದನ್ನೇ ಹೋಲುವ ಮೈಸೂರು ಅರಮನೆಯ ವಜ್ರಮುಷ್ಟಿ ಕಾಳಗದಲ್ಲಿ ತಲೆಯಿಂದ ರಕ್ತ ಚಿಮ್ಮಿದೊಡನೆ ಪಂದ್ಯ ನಿಲ್ಲುತ್ತದೆ. ಅಷ್ಟು ಕ್ರೂರ ಆಟದಲ್ಲೂ ಆ ಗೆರೆ ದಾಟುವಂತಿಲ್ಲ.

ಜೊತೆಗಾರನೊಡನೆ ನಡೆಸುವ ಅಭ್ಯಾಸದಲ್ಲಿ ಗೆರೆ ಇನ್ನೂ ಬಿಗಿಯಾಗಬೇಕು. ಅಲ್ಲಿ ಏಟನ್ನು ಬಚ್ಚಿಡಬಹುದು, ಉದ್ದೇಶವನ್ನು ಬಚ್ಚಿಡಬಾರದು. ಮೆಲ್ಲಗೆ ಆಡೋಣ ಎಂದು ಒಪ್ಪಿ ಪೂರ್ತಿ ಬಲದಿಂದ ಹೊಡೆದವನು ಸುಳಿವು ಮುಚ್ಚದಿದ್ದರೂ ವಂಚಕನೇ. ಕಷ್ಟದ ಪ್ರಸಂಗವೊಂದಿದೆ: ಪೆಟ್ಟಾದಂತೆ ನಟಿಸಿ, ಜೊತೆಗಾರ ಕೈ ಇಳಿಸಿದಾಗ ಗುದ್ದುವುದು. ಮೇಲ್ನೋಟಕ್ಕೆ ಇದೂ ಹುಸಿ ಸುಳಿವೇ. ಆದರೆ ಹುಸಿ ಏಟಿಗೆ ಬಲಿಯಾಗುವುದು ಎದುರಾಳಿಯ ಊಹೆ, ಇಲ್ಲಿ ಬಲಿಯಾಗುವುದು ಅವನ ಕರುಣೆ. ನೋವಿನ ಕರೆಗೆ ನಿಲ್ಲುತ್ತೇನೆಂಬ ಒಪ್ಪಂದದ ಮೇಲೆಯೇ ಅಭ್ಯಾಸ ನಡೆಯುವುದರಿಂದ, ಇದು ವಾಲಿಯ ಆಕ್ಷೇಪದ ಕಡೆಗೇ ಸೇರಬೇಕಾದ ಏಟು.