ಕಾಯಿ ಸಿಗದಿದ್ದರೆ ಕಾಯಿಕಡುಬು ಹೇಗೆ?

ಪ್ರಶ್ನೆ: ಗಣೇಶನ ಹಬ್ಬಕ್ಕೆ 21 ಕಾಯಿಕಡುಬು ಮಾಡುವುದು ನಮ್ಮ ಅತ್ತೆಯವರ ಕಾಲದಿಂದ ಬಂದ ಪದ್ಧತಿ. ಕಳೆದ ಸಲ ಹಬ್ಬದ ಹಿಂದಿನ ದಿನ ಅಂಗಡಿಯಲ್ಲಿ ಸಿಕ್ಕಿದ್ದು ಒಂದೇ ಕಾಯಿ. ಅದನ್ನು ಒಡೆಯಲು ಇಟ್ಟುಕೊಂಡು, ಕಡುಬಿಗೆ ಎಳ್ಳು-ಬೆಲ್ಲದ ಹೂರಣ ತುಂಬಿದೆ. ಅತ್ತೆಯವರು "ದೇವರಿಗೆ ಮೋಸ ಮಾಡಿದ ಹಾಗಾಯ್ತು" ಎಂದು ಕಣ್ಣೀರು ಹಾಕಿದರು. ನಿಜವಾಗಿ ದೋಷವಾಯಿತೇ? ಈ ವರ್ಷ ಮೊದಲೇ ಇಪ್ಪತ್ತು ಕಾಯಿ ತಂದಿಟ್ಟುಕೊಳ್ಳಲೇ?
– ಒಬ್ಬ ಗೃಹಿಣಿ, ಬೆಂಗಳೂರು

ಉತ್ತರ: ಸಹೋದರಿ, ದೋಷ ಬಂದಿಲ್ಲ. ಇದನ್ನು ಮೊದಲು ಅತ್ತೆಯವರಿಗೆ ಓದಿ ಹೇಳಿ. ಇಷ್ಟು ವರ್ಷ ಜಾತಕ ನೋಡಿದ್ದೇನೆ. ಕಡುಬಿನಲ್ಲಿ ಕಾಯಿ ಇಲ್ಲವೆಂದು ಮುನಿಸಿಕೊಂಡ ಗ್ರಹವನ್ನು ಇನ್ನೂ ಕಂಡಿಲ್ಲ. ಆದರೆ ಆ ಹಿರಿಯರ ಕಣ್ಣೀರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇವತ್ತು ಕಾಯಿ ಬೇಡ, ನಾಳೆ ಕಡುಬು ಬೇಡ, ನಾಡಿದ್ದು ಪೂಜೆಯೇ ಬೇಡ ಅಂತ ಆಗಿಬಿಟ್ಟರೆ? ಅವರ ಭಯ ಅದು. ನ್ಯಾಯವಾದ ಭಯವೇ. ಬದಲಿ ವಸ್ತು ಎಲ್ಲಿಯವರೆಗೆ ಸರಿ, ಎಲ್ಲಿಂದಾಚೆಗೆ ತಪ್ಪು ಎಂಬುದನ್ನು ನಮ್ಮ ಹಿರಿಯರೂ ಬಹಳ ಯೋಚಿಸಿದ್ದಾರೆ.

ಪಾಠಶಾಲೆಯಲ್ಲಿ ಮೀಮಾಂಸೆ ಓದುವಾಗ 'ಪ್ರತಿನಿಧಿ' ಎಂಬ ವಿಚಾರ ಬರುತ್ತದೆ. ಜೈಮಿನಿ ಮಹರ್ಷಿಗಳ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ಇದರ ಚರ್ಚೆಯಿದೆ. ಯಜ್ಞಕ್ಕೆ ಹೇಳಿದ ಭತ್ತ ಸಿಗದಿದ್ದರೆ ತಾನಾಗಿ ಬೆಳೆಯುವ ನೀವಾರದ ಅಕ್ಕಿ; ಸೋಮಲತೆ ಸಿಗದಿದ್ದರೆ ಪೂತೀಕ. ವಸ್ತುವಿಲ್ಲವೆಂದು ನಿತ್ಯಕರ್ಮವನ್ನು ನಿಲ್ಲಿಸಬಾರದು, ಶಕ್ತಿಯಿದ್ದಷ್ಟು ನಡೆಸಲೇಬೇಕು ಎಂಬುದು ಇದರ ಆಧಾರ. ವರ್ಷವರ್ಷವೂ ತಪ್ಪದೆ ಬರುವ ಗೌರಿ-ಗಣೇಶಕ್ಕೂ ಇದೇ ದಾರಿ. ಆದರೆ ಯಾವುದೋ ಫಲ ಬೇಡಿ, "21 ಕಾಯಿಕಡುಬು ಅರ್ಪಿಸುತ್ತೇನೆ" ಎಂದು ಹರಕೆ ಹೊತ್ತಿದ್ದರೆ ಅದು ಕಾಮ್ಯ. ಅದನ್ನು ಹೇಳಿದಂತೆಯೇ ತೀರಿಸಬೇಕು. ಕಾಯಿ ಸಿಗುವವರೆಗೆ ಕಾದು ಮಾಡಿ, ಅವಸರವೇನಿಲ್ಲ.

ಬದಲಿಗೂ ಕಟ್ಟುಪಾಡು ಇದೆ. ಮೂಲವಸ್ತುವಿಗೆ ಹತ್ತಿರವಾದದ್ದನ್ನೇ ತೆಗೆದುಕೊಳ್ಳಬೇಕು. ತಂದ ಬದಲಿಯೂ ಹಾಳಾದರೆ, ಮತ್ತೆ ಮೂಲವನ್ನೇ ಹೋಲುವುದನ್ನು ಹುಡುಕಬೇಕೇ ಹೊರತು ಬದಲಿಯನ್ನು ಹೋಲುವುದನ್ನಲ್ಲ. ಇಲ್ಲದಿದ್ದರೆ ಬದಲಿಗೆ ಬದಲಿ ಅಂತ ಹೋಗಿ ಮೂಲವೇ ಮರೆತುಹೋಗುತ್ತೆ ನೋಡಿ! ಇನ್ನೊಂದು ಮಾತು: ನಿಷಿದ್ಧವಾದದ್ದು ನೋಡಲು ಎಷ್ಟೇ ಹೋಲಲಿ, ಬದಲಿಯಾಗದು. ಉದ್ದು ಹೆಸರುಕಾಳನ್ನು ಹೋಲುತ್ತದೆ, ಆದರೂ ಅಲ್ಲಿ ಒಪ್ಪಿಲ್ಲ.

ಇದನ್ನು ನಿಮ್ಮ ಅಡುಗೆಮನೆಗೆ ತನ್ನಿ. ಎಳ್ಳು ಪವಿತ್ರ ಧಾನ್ಯ, ತೆಂಗಿನಂತೆಯೇ ಜಿಡ್ಡಿನ ಅಂಶವುಳ್ಳದ್ದು. ನೀವು ಆರಿಸಿದ್ದು ಸರಿಯಾಗಿಯೇ ಇದೆ. ಹುರಿಗಡಲೆ, ಕಡಲೆಬೇಳೆಯ ಹೂರಣವೂ ಆಗುತ್ತದೆ. ಪ್ಯಾಕೆಟ್ಟಿನ ಒಣಕೊಬ್ಬರಿ ತುರಿ ಸಿಕ್ಕಿದರೆ ಅದು ಬದಲಿಯೇ ಅಲ್ಲ, ತೆಂಗೇ. ಆದರೆ ಮೈದಾ-ಸಕ್ಕರೆಗೆ ಕೊಬ್ಬರಿ ವಾಸನೆಯ ಎಸೆನ್ಸ್ ಬೆರೆಸಿ ಕಾಯಿಯಂತೆ ತೋರಿಸಬೇಡಿ.

ಅತ್ತೆಯವರ 'ಮೋಸ' ಎಂಬ ಮಾತಿಗೆ ಉತ್ತರ ಇಲ್ಲೇ ಇದೆ. ಪೂಜೆಯಲ್ಲಿ ನಾವು ದಿನವೂ ಹೇಳುತ್ತೇವಲ್ಲ, "ವಸ್ತ್ರಾರ್ಥೇ ಅಕ್ಷತಾನ್ ಸಮರ್ಪಯಾಮಿ" ಅಂತ? ವಸ್ತ್ರ ಇಲ್ಲ, ಅದರ ಸ್ಥಾನದಲ್ಲಿ ಅಕ್ಷತೆ ಇಟ್ಟಿದ್ದೇನೆ ಎಂದು ಬಾಯಿಬಿಟ್ಟು ಒಪ್ಪಿಕೊಳ್ಳುವ ಮಾತದು. ಇಲ್ಲದ್ದನ್ನು ಇಲ್ಲವೆಂದು ಹೇಳಿ, ಇದ್ದದ್ದನ್ನು ಕೊಡುವುದು ಮೋಸವಲ್ಲ. ಇದ್ದೂ ಇಲ್ಲವೆನ್ನುವುದು ಮೋಸ. ಕೊಳ್ಳುವ ಶಕ್ತಿಯಿದೆ, ಅಂಗಡಿಯಲ್ಲಿ ಕಾಯಿಯೂ ಇದೆ. ಸಾರಿಗೆ, ಚಟ್ನಿಗೆ ಮನೆಯಲ್ಲಿ ಕಾಯಿ ತುರಿಯುತ್ತಿದೆ. ದೇವರಿಗೆ ಮಾತ್ರ "ದುಬಾರಿಯಪ್ಪಾ" ಅಂದರೆ ಅದನ್ನು ಶಾಸ್ತ್ರಕಾರರು 'ವಿತ್ತಶಾಠ್ಯ' ಎಂದರು. ದೋಷ ಹುಡುಕುವುದಾದರೆ ಅಲ್ಲಿ ಹುಡುಕಬೇಕು.

ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡ ನೆನಪಿಸಿಕೊಳ್ಳಿ. ಚಿತ್ರಕೂಟದಲ್ಲಿ ತಂದೆಯ ಮರಣದ ಸುದ್ದಿ ತಿಳಿದ ಶ್ರೀರಾಮ ಮಂದಾಕಿನಿಯಲ್ಲಿ ಜಲತರ್ಪಣ ಕೊಟ್ಟು, ಇಂಗುದಿಯ ಹಿಂಡಿಗೆ ಎಲಚಿಹಣ್ಣು ಬೆರೆಸಿ ದರ್ಭೆಯ ಮೇಲೆ ಪಿಂಡವಿಟ್ಟ. ಚಕ್ರವರ್ತಿಗೆ ಕಾಡುಹಣ್ಣಿನ ಪಿಂಡ! ಅದನ್ನು ಕಂಡು ತಾಯಿ ಕೌಸಲ್ಯೆ ದುಃಖಿಸಿದಳು, ನಿಮ್ಮ ಅತ್ತೆಯವರ ಹಾಗೆಯೇ. ಆದರೆ ರಾಮನಲ್ಲಿ ತಪ್ಪಿರಲಿಲ್ಲ. ಮನುಷ್ಯ ಏನನ್ನು ಉಣ್ಣುತ್ತಾನೋ ಅದೇ ಅವನ ದೇವತೆಗಳಿಗೂ ಅನ್ನ ಎಂಬ ಮಾತು ಬರುವುದು ಅಲ್ಲಿಯೇ. ತಾನು ಹಣ್ಣು-ಹಂಪಲು ತಿಂದು, ತಂದೆಗೂ ಅದನ್ನೇ ಇಟ್ಟ. ನಮಗೊಂದು, ದೇವರಿಗೊಂದು ಎಂಬ ಎರಡು ಅಳತೆ ಅಲ್ಲಿಲ್ಲ.

ಇನ್ನು ಇಪ್ಪತ್ತು ಕಾಯಿಯ ಮಾತು. ಬೇಡ. ತೆಂಗು ಕಾರ್ಖಾನೆಯ ಸಾಮಾನಲ್ಲ. ಹೊಂಬಾಳೆ ಒಡೆದು ಕಾಯಿ ಬಲಿಯಲು ಹತ್ತಿರಹತ್ತಿರ ಒಂದು ವರ್ಷ ಬೇಕು. ಅಟ್ಟದ ಮೇಲೆ ಒಣಗಿ ಉಂಡೆಕೊಬ್ಬರಿಯಾಗಲು ಇನ್ನೂ ಹೆಚ್ಚುಕಡಿಮೆ ಅಷ್ಟೇ ಕಾಲ. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತ್ತು. ಅಂಥ ಬರದ ಪೆಟ್ಟು, ಬಿಳಿನೊಣದ ಕಾಟ, ಎಳನೀರಿಗೆಂದು ಮೊದಲೇ ಇಳಿಸುವ ಗೊನೆ, ಇವೆಲ್ಲ ಸೇರಿದ ಮೇಲೆ ಹಬ್ಬದ ಹೊತ್ತಿಗೆ ಅಂಗಡಿಯ ಬುಟ್ಟಿ ಬರಿದಾಗುವುದರಲ್ಲಿ ಆಶ್ಚರ್ಯವೇನಿದೆ? ಇರುವ ನಾಲ್ಕು ಬುಟ್ಟಿ ಕಾಯಿಯಲ್ಲಿ ನೀವು ಇಪ್ಪತ್ತು ಎತ್ತಿಟ್ಟರೆ, ಗೌರಿ ಹಬ್ಬದ ದಿನ ಪಕ್ಕದ ಬೀದಿಯ ಹೆಣ್ಣುಮಗಳೊಬ್ಬಳು ಬಾಗಿನದ ಮೊರಕ್ಕೆ ಕಾಯಿಯಿಲ್ಲದೆ ನಿಲ್ಲುತ್ತಾಳೆ. ಇನ್ನೊಬ್ಬರ ಮೊರ ಬರಿದು ಮಾಡಿ ನಮ್ಮ ನೈವೇದ್ಯದ ತಟ್ಟೆ ತುಂಬಿಸಿದರೆ ಸ್ವರ್ಣಗೌರಿ ಒಪ್ಪುತ್ತಾಳೆಯೇ?

ಲೆಕ್ಕ ಹಾಕಿ ನೋಡಿ: ಕಲಶಕ್ಕೆ ಒಂದು, ಒಡೆಯಲು ಒಂದು, ಕಡುಬಿಗೆ ಒಂದೋ ಎರಡೋ, ಬಾಗಿನಕ್ಕೆ ಎಷ್ಟು ಬೇಕೋ ಅಷ್ಟು. ಕಡುಬಿಗೆ ಕಾಯಿ ಸಾಲದಿದ್ದರೆ ಐದು ಕಡುಬು ಕಾಯಿಯದು, ಹದಿನಾರು ಎಳ್ಳಿನದು ಮಾಡಿ, 21ರ ಸಂಖ್ಯೆ ತುಂಬುತ್ತದೆ. ಆದರೆ ಪೂಜೆಯಲ್ಲಿ ಒಡೆದು ನಿವೇದಿಸಿದ ಕಾಯಿಯನ್ನು ತುರಿದು ಮತ್ತೆ ನೈವೇದ್ಯಕ್ಕೆ ಇಡಬೇಡಿ. ಅದು ಆಗಲೇ ಪ್ರಸಾದ. ಕಲಶದ ಕಾಯಿಯಿಂದ ವಿಸರ್ಜನೆಯಾದ ಮೇಲೆ ಮನೆಯವರಿಗೆ ಪಾಯಸ ಮಾಡಿ.

ಕೊನೆಯದಾಗಿ ಒಂದು. ವಸ್ತುವಿಗೆ ಬದಲಿ ಹೇಳಿದ ಅದೇ ಮೀಮಾಂಸೆ, ಕೆಲವಕ್ಕೆ ಬದಲಿಯೇ ಇಲ್ಲವೆಂದಿದೆ: ದೇವತೆಗೆ, ಅಗ್ನಿಗೆ, ಮಂತ್ರಕ್ಕೆ, ಕ್ರಿಯೆಗೆ, ಮತ್ತು ಸಂಕಲ್ಪ ಮಾಡಿದ ಯಜಮಾನನಿಗೆ. ಈಗ ನಮ್ಮ ಮನೆಗಳನ್ನು ನೋಡಿ. ಕಾಯಿಗೆ ಬದಲಿ ಹಾಕಲು ಇಷ್ಟು ಹೆದರುತ್ತೇವೆ. ಯಜಮಾನ ಮಾತ್ರ ಪೂಜೆಯ ಹೊತ್ತಿಗೆ ಫೋನ್ ಹಿಡಿದು ಹಾಲ್‌ನಲ್ಲಿ, ಮಂತ್ರಕ್ಕೆ ಮೊಬೈಲು, ಕಡುಬಿಗೆ ಆರ್ಡರು! ಬದಲಿ ಒಪ್ಪುವ ಕಡೆ ಸಂಕಟ, ಒಪ್ಪದ ಕಡೆ ಸಲೀಸು. ನೀವಾದರೋ ಕಾಯಿಯಿಲ್ಲದಿದ್ದರೂ ಹಿಟ್ಟು ಬೇಯಿಸಿ, ಕೈಯಾರೆ ಕಡುಬು ಮಡಿಸಿ, ಮುಂದೆ ನಿಂತು ಕೈಮುಗಿದಿರಿ. ಇರಲೇಬೇಕಾದದ್ದು ಅದು, ಅದಿತ್ತು.

ಈ ವರ್ಷ ಕಾಯಿ ಸಿಕ್ಕಿದರೆ ಹಳೆಯ ಪದ್ಧತಿಗೇ ಮರಳಿ. ಮೂಲ ಸಿಗುವಾಗ ಬದಲಿಗೆ ಅಧಿಕಾರವಿಲ್ಲ. ಸಿಗದಿದ್ದರೆ ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನಾರಿಕೇಳಾರ್ಥೇ" ಎಂದು ಅವರ ಬಾಯಿಂದಲೇ ಹೇಳಿಸಿ, ಎಳ್ಳಿನ ಮೊದಲ ಕಡುಬನ್ನು ಅವರ ಕೈಯಿಂದಲೇ ಇಡಿಸಿ. ನಿಮ್ಮ ಮನೆಗೆ ವಿಘ್ನೇಶ್ವರನ ಅನುಗ್ರಹವಿರಲಿ. ಶುಭಂ ಭೂಯಾತ್.