ಮೂರನೆಯವರ ಬದಲಾವಣೆ

ಬಸುರಿಯನ್ನು ಕಂಡಾಗ ನಮ್ಮ ಬಾಯಿಂದ ಬರುವ ಮೊದಲ ಮಾತು ಒಂದೇ: ‘ಎಷ್ಟು ತಿಂಗಳಾಯಿತವ್ವಾ?’ ಖಂಡೇರಾಜುರಿಯ ಸೀಮೆಯಲ್ಲಿ, ಮಿರಜ ತಾಲೂಕಿನ ಈ ಗಡಿಭಾಗದಲ್ಲಿ, ಇದೇ ಪ್ರಶ್ನೆ ಒಂದು ಮನೆಯಲ್ಲಿ ಕನ್ನಡದಲ್ಲಿಯೂ ಪಕ್ಕದ ಮನೆಯಲ್ಲಿ ಮರಾಠಿಯಲ್ಲಿಯೂ ಕೇಳಿಬರುತ್ತದೆ. ಆಕೆ ಹೇಳುವ ಸಂಖ್ಯೆ ಒಂದೇ ಆದರೂ ಅದರಲ್ಲಿ ಇಬ್ಬರ ಲೆಕ್ಕ ಅಡಗಿದೆ. ಒಳಗೆ ಬೆಳೆಯುವ ಜೀವವೊಂದು, ಅದನ್ನು ಹೊತ್ತು ತಾನೂ ಬೇರೆಯಾಗುತ್ತಿರುವ ಜೀವ ಇನ್ನೊಂದು. ಮಗು ತಿಳಿದು ಬದಲಾಗುವುದಿಲ್ಲ. ತಾಯಿಯ ದೇಹವೂ ಅವಳ ಅಪ್ಪಣೆ ಕೇಳಿ ಬದಲಾಗುವುದಿಲ್ಲ. ಬದಲಾಗುವ ಅಥವಾ ಬದಲಾಗದಿರುವ ಆಯ್ಕೆ ಇರುವುದು ಮೂರನೆಯವರಿಗೆ, ಎಂದರೆ ಗಂಡನಿಗೆ, ಅತ್ತೆಮಾವಂದಿರಿಗೆ, ತವರಿಗೆ, ನೆರೆಹೊರೆಯ ನಮಗೆ. ಆಯ್ಕೆ ಇರುವಲ್ಲಿಯೇ ಧರ್ಮಾಧರ್ಮದ ಪ್ರಶ್ನೆ ಹುಟ್ಟುತ್ತದೆ. ಆದುದರಿಂದ ಗರ್ಭಧಾರಣೆಯ ನೈತಿಕ ಪ್ರಶ್ನೆ ಬಸುರಿಯದಲ್ಲ, ನಮ್ಮದು.

ಮೊದಲು ಮಗುವಿನ ಮಾತು. ಗರ್ಭ ನಿಂತ ನಾಲ್ಕು ವಾರಗಳೊಳಗೆ ಮೆದುಳು ಮತ್ತು ಬೆನ್ನುಹುರಿಗಳ ಮೂಲವಾದ ನಾಳ ಮುಚ್ಚಿಕೊಳ್ಳುತ್ತದೆ, ಹೃದಯ ಮಿಡಿಯತೊಡಗುತ್ತದೆ. ಆಗ ಮುಟ್ಟು ತಪ್ಪಿ ಎರಡು ವಾರವಷ್ಟೇ ಆಗಿರುತ್ತದೆ. ಎಷ್ಟೋ ಮನೆಗಳಿಗೆ ಸುದ್ದಿಯೇ ತಿಳಿದಿರುವುದಿಲ್ಲ. ಮೂರು ತಿಂಗಳು ತುಂಬುವಷ್ಟರಲ್ಲಿ ಮುಖ್ಯ ಅಂಗಗಳೆಲ್ಲ ರೂಪುಗೊಂಡಿರುತ್ತವೆ, ಆದರೆ ಮಗುವಿನ ತೂಕ ಸುಮಾರು 15 ಗ್ರಾಂ ಮಾತ್ರ. ಏಳನೆಯ ತಿಂಗಳು ಬರುವ ಹೊತ್ತಿಗೆ ಅದು ಒಂದು ಕಿಲೋದ ಸುಮಾರಿಗೆ ಬರುತ್ತದೆ. ಮುಂದಿನ ಮೂರು ತಿಂಗಳಲ್ಲಿ ಎರಡೂವರೆ, ಮೂರು ಪಟ್ಟಾಗುತ್ತದೆ. ನಾವು ಹೊಟ್ಟೆಯನ್ನು ನೋಡಿ ಕಾಳಜಿ ತೋರಿಸುವವರು. ಆದರೆ ಹೊಟ್ಟೆ ಕಾಣುವ ಮೊದಲೇ ದೊಡ್ಡ ಕೆಲಸವೆಲ್ಲ ಮುಗಿದಿರುತ್ತದೆ.

ಇದನ್ನು ನಮ್ಮ ದ್ರಾಕ್ಷಿ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಏಪ್ರಿಲ್ ಛಾಟಣಿಯ ನಂತರ ಹೊಸ ಕಡ್ಡಿ ಚಿಗುರುತ್ತದೆ. ಆ ಕಡ್ಡಿಯ ಕಣ್ಣಿನೊಳಗೆ ಮುಂದಿನ ಗೊನೆ ನಿರ್ಧಾರವಾಗುವುದು ಬರುವ ಒಂದೆರಡು ತಿಂಗಳಲ್ಲಿಯೇ. ಹೊರಗೆ ಎಲೆಯಲ್ಲದೆ ಬೇರೇನೂ ಕಾಣದು. ಅಕ್ಟೋಬರ್ ಛಾಟಣಿಯ ಬಳಿಕವಷ್ಟೇ ಗೊನೆ ಕಣ್ಣಿಗೆ ಬೀಳುತ್ತದೆ. ಹಾಗೆಂದು ಬೇಸಿಗೆಯಲ್ಲಿ ಬಳ್ಳಿಗೆ ನೀರು ತಪ್ಪಿಸುವ ರೈತನಿದ್ದಾನೆಯೇ? ಕಾಣದ ಗೊನೆಗಾಗಿ ಬಳ್ಳಿಯನ್ನು ಕಾಯುವ ಕೈ, ಕಾಣದ ಮಗುವಿಗಾಗಿ ಸೊಸೆಯ ತಟ್ಟೆಯನ್ನು ನೋಡುವುದಿಲ್ಲವೆಂದರೆ, ಅದು ತಿಳಿವಳಿಕೆಯ ಕೊರತೆಯಲ್ಲ, ಗಮನದ ಕೊರತೆ.

ಇನ್ನು ತಾಯಿಯ ಮಾತು. ಅವಳನ್ನು ಮಗುವನ್ನಿಟ್ಟ ಪಾತ್ರೆಯೆಂದು ಭಾವಿಸುವುದು ನಮ್ಮ ಹಳೆಯ ರೂಢಿ. ಆದರೆ ಪಾತ್ರೆ ತನ್ನೊಳಗಿನ ವಸ್ತುವಿಗಾಗಿ ಬದಲಾಗುವುದಿಲ್ಲ. ತಾಯಿಯ ರಕ್ತದ ಪ್ರಮಾಣ ಶೇಕಡಾ 40ರಿಂದ 50ರಷ್ಟು ಹೆಚ್ಚುತ್ತದೆ. ಸುಮಾರು 70 ಗ್ರಾಂ ಇದ್ದ ಗರ್ಭಕೋಶ ಒಂದು ಕಿಲೋವನ್ನು ದಾಟುತ್ತದೆ. ಹೃದಯ ಮೊದಲಿಗಿಂತ ಮೂರನೇ ಒಂದು ಪಾಲಿಗೂ ಹೆಚ್ಚು ರಕ್ತವನ್ನು ತಳ್ಳುತ್ತದೆ. ಆಕೆ ಕುಳಿತಿದ್ದರೂ ಅದಕ್ಕೆ ಬಿಡುವಿಲ್ಲ. ಕೀಲುಗಳು ಸಡಿಲವಾಗುತ್ತವೆ, ನಡಿಗೆಯ ತೂಕವೇ ಬೇರೆಯಾಗುತ್ತದೆ. 2016ರ ಕೊನೆಯಲ್ಲಿ ಪ್ರಕಟವಾದ ಸಂಶೋಧನೆಯೊಂದು, ಚೊಚ್ಚಲ ಬಸಿರಿನಲ್ಲಿ ಮೆದುಳಿನ ರಚನೆಯೂ ಬದಲಾಗುತ್ತದೆ, ಆ ಬದಲಾವಣೆ ಕನಿಷ್ಠ ಎರಡು ವರ್ಷ ಉಳಿಯುತ್ತದೆ ಎಂದು ತೋರಿಸಿತು. ಮಗುವಿನ ಕೆಲವು ಜೀವಕೋಶಗಳಂತೂ ತಾಯಿಯ ರಕ್ತದಲ್ಲಿ ದಶಕಗಳ ಕಾಲ ಉಳಿದುಕೊಂಡಿರುವುದು ಕಂಡುಬಂದಿದೆ. ಹೊಕ್ಕಳಬಳ್ಳಿಯನ್ನು ಕತ್ತರಿಸಿದ ಮಾತ್ರಕ್ಕೆ ಇಬ್ಬರ ಲೆಕ್ಕ ಚುಕ್ತಾ ಆಗುವುದಿಲ್ಲ.

ಈ ಇಬ್ಬರ ಕೂಡುಬಾಳನ್ನು ನಮ್ಮ ಹಿರಿಯರು ಕಾಣದೆ ಹೋಗಿರಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಗರ್ಭದ ಹೃದಯ ವ್ಯಕ್ತವಾಗುವುದರಿಂದ ಬಸುರಿಯು ಎರಡು ಹೃದಯಗಳುಳ್ಳವಳು, ಅವಳ ಬಯಕೆಯನ್ನು ಅಲ್ಲಗಳೆಯಬಾರದು ಎಂದು ಸುಶ್ರುತ ಸಂಹಿತೆಯ ಶಾರೀರಸ್ಥಾನ ಹೇಳುತ್ತದೆ. ಆ ‘ದೋಹದ’ವೇ ಮರಾಠಿಯಲ್ಲಿ ‘ಡೋಹಾಳೆ’ ಆಯಿತು. ನಮ್ಮಲ್ಲಿ ಬಯಕೆಯ ಊಟವಾಗಿ, ಕುಬಸವಾಗಿ ಉಳಿದಿದೆ. ಹಸಿರು ಸೀರೆ, ಹಸಿರು ಬಳೆ, ಮಡಿಲು ತುಂಬುವ ಶಾಸ್ತ್ರ ಇವೆಲ್ಲ ಚೆಂದವೇ. ಆದರೆ ಅವುಗಳ ತಿರುಳು ಊಟದಲ್ಲಿಲ್ಲ, ‘ನಿನಗೇನು ಬೇಕು?’ ಎಂಬ ಪ್ರಶ್ನೆಯಲ್ಲಿದೆ. ಎಷ್ಟೋ ಸೊಸೆಯಂದಿರಿಗೆ ಈ ಪ್ರಶ್ನೆ ಬಾಳಿನಲ್ಲಿ ಮೊದಲ ಬಾರಿಗೆ ಎದುರಾಗುವುದು ಆಗಲೇ. ಬಸಿರಿನ ಅವಧಿ 280 ದಿನ. ಒಂದು ದಿನ ಆರತಿ ಎತ್ತಿ ಉಳಿದ 279 ದಿನ ಅವಳನ್ನು ಎಲ್ಲರಿಗಿಂತ ಕೊನೆಗೆ ಉಣ್ಣಲು ಕೂರಿಸಿದರೆ, ಶಾಸ್ತ್ರ ನಡೆದಿದೆ, ಧರ್ಮ ನಡೆದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ‘ನಮ್ಮ ಅಜ್ಜಿಯರು ಹೊಲದಲ್ಲಿ ಕಳೆ ಕೀಳುತ್ತಲೇ ಹೆತ್ತರು, ಅವರಿಗಾವ ಗುಳಿಗೆ, ಯಾವ ವಿಶ್ರಾಂತಿ?’ ಮಾತಿನಲ್ಲಿ ಹೆಮ್ಮೆಯಿದೆ, ಆದರೆ ಲೆಕ್ಕ ತಪ್ಪಿದೆ. ಹೊಲದಲ್ಲಿ ಹೆತ್ತು ಬದುಕಿದವರು ಅಜ್ಜಿಯರಾದರು. ಬದುಕದವರು ಕಥೆ ಹೇಳಲು ಉಳಿಯಲಿಲ್ಲ. 2004–06ರಲ್ಲಿ ನಮ್ಮ ದೇಶದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 254 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಆ ಸಂಖ್ಯೆ 97ಕ್ಕೆ ಇಳಿಯಿತು. ಹೆಂಗಸರ ಮೈಕಟ್ಟು ಹದಿನಾಲ್ಕು ವರ್ಷಗಳಲ್ಲಿ ಬದಲಾಗಲಿಲ್ಲ. ಅವರ ಸುತ್ತಲಿನ ವ್ಯವಸ್ಥೆ ಬದಲಾಯಿತು. ಮೂರನೆಯವರು ಬದಲಾದರೆ ಏನಾಗಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಬಸುರಿಯರಲ್ಲಿ ಶೇಕಡಾ 52ರಷ್ಟು ಮಂದಿಗೆ ರಕ್ತಹೀನತೆಯಿದೆ. ಉಳಿದ ಕೆಲಸ ಅಡುಗೆಮನೆಯದು.

ಅಭಿಮನ್ಯುವಿನ ಕಥೆಯನ್ನೂ ನಾವು ಒಂದೇ ಕಣ್ಣಿನಿಂದ ನೋಡಿದ್ದೇವೆ. ಚಕ್ರವ್ಯೂಹದಿಂದ ಹೊರಬರುವ ಬಗೆಯನ್ನು ಹೇಳುವಷ್ಟರಲ್ಲಿ ಸುಭದ್ರೆ ನಿದ್ದೆ ಹೋದಳಂತೆ, ಮಗ ಅರ್ಧವಿದ್ಯೆಯಲ್ಲಿಯೇ ಉಳಿದನಂತೆ. ಬಸುರಿಗೆ ನಿದ್ದೆ ಬಂದುದು ತಪ್ಪೇ? ಅವಳು ಎದ್ದ ಮೇಲೆ ಉಳಿದ ಕಥೆಯನ್ನು ಹೇಳಬಹುದಿತ್ತಲ್ಲ ಎಂದು ನಾವಾರೂ ಕೇಳಲಿಲ್ಲ. ಮಗುವಿಗೆ ಏನೇ ಕುಂದಾದರೂ ತಾಯಿಯ ಊಟ, ತಾಯಿಯ ನಿದ್ದೆ, ತಾಯಿಯ ನಡೆಯನ್ನೇ ಜರಡಿ ಹಿಡಿಯುವುದು ಈ ಕಥೆಯಷ್ಟೇ ಹಳೆಯ ಅಭ್ಯಾಸ.

ಆ ಅಭ್ಯಾಸದ ಕ್ರೂರ ರೂಪವನ್ನು ನಮ್ಮ ತಾಲೂಕೇ ಕಂಡಿದೆ. 2017ರ ಮಾರ್ಚ್‌ನಲ್ಲಿ ಇದೇ ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಗರ್ಭಪಾತದ ವೇಳೆ ತರುಣಿಯೊಬ್ಬಳು ಸತ್ತಳು. ಪೊಲೀಸರು ಹುಡುಕಿದಾಗ ನೆಲದಡಿ ಹೂತಿಟ್ಟ 19 ಭ್ರೂಣಗಳು ದೊರೆತವು. ತನಿಖೆಯ ಎಳೆ ಗಡಿ ದಾಟಿ ಕರ್ನಾಟಕಕ್ಕೂ ಹೋಯಿತು. ಭಾಷೆಯ ವಿಷಯದಲ್ಲಿ ಬೇರೆಯಾದ ಎರಡು ಸೀಮೆಗಳು ಈ ವಿಷಯದಲ್ಲಿ ಬೇರೆಯಾಗಿರಲಿಲ್ಲ. ಲಿಂಗಪತ್ತೆಯನ್ನು ನಿಷೇಧಿಸುವ ಕಾಯ್ದೆ 1994ರಲ್ಲಿಯೇ ಬಂದಿತ್ತು. ಮಗು ಹೆಣ್ಣೋ ಗಂಡೋ ಎಂಬುದು ತಂದೆಯ ಬೀಜದಿಂದ ನಿರ್ಧಾರವಾಗುತ್ತದೆಂದು ಶಾಲೆಯ ಪುಸ್ತಕವೂ ಹೇಳುತ್ತದೆ. ಒಳಗಿನ ಮಗುವನ್ನು ಕಾಯಲೆಂದು ಹುಟ್ಟಿದ ಯಂತ್ರವನ್ನು, ತಾನು ಬದಲಾಗಲೊಪ್ಪದ ಮನೆಯು ಮಗುವನ್ನೇ ಅಳಿಸಲು ಬಳಸಿತು. ಅಂಥ ಮನೆಯ ಎದುರು ಮಗುವಿಗೂ ತಾಯಿಗೂ ಒಂದೇ ಗತಿ ಎಂಬುದನ್ನು ಆ ತರುಣಿಯ ಸಾವು ಹೇಳುತ್ತದೆ.

ಹಾಗಾದರೆ ಬದಲಾಗುವುದೆಂದರೇನು? ದೊಡ್ಡ ಮಾತೇನಲ್ಲ. ನೀರಿನ ಕೊಡ ಬೇರೆಯವರ ಸೊಂಟಕ್ಕೆ ಬರಬೇಕು. ಕಬ್ಬಿಣದ ಗುಳಿಗೆ ತಿಂದಳೇ ಎಂದು ಗಂಡ ನೆನಪಿಡಬೇಕು. ತೋಟಕ್ಕೆ ಔಷಧ ಹೊಡೆಯುವ ದಿನ ಅವಳನ್ನು ಸಾಲಿನೊಳಗೆ ಕರೆಯಬಾರದು. ಪ್ರತಿ ತಿಂಗಳ 9ರಂದು ಸರಕಾರಿ ದವಾಖಾನೆಯಲ್ಲಿ ನಡೆಯುವ ಉಚಿತ ತಪಾಸಣೆಗೆ ಮನೆಯವರೊಬ್ಬರು ಜೊತೆಗೆ ಹೋಗಬೇಕು. ‘ಗಂಡೇ ಆಗಲಿ’ ಎಂಬ ಹರಕೆಯನ್ನು ನಾಲಿಗೆಯ ಮೇಲೆಯೇ ತಡೆಯಬೇಕು. 2017ರ ತಿದ್ದುಪಡಿಯಿಂದ ಕಂಪನಿ, ಕಚೇರಿಗಳ ನೌಕರಿಯವಳಿಗೆ 26 ವಾರಗಳ ಸಂಬಳಸಹಿತ ರಜೆ ದೊರೆಯಿತು. ದ್ರಾಕ್ಷಿ ತೋಟದ ಕೂಲಿಯವಳಿಗೆ ಅಂಥ ರಜೆಯಿಲ್ಲ. ಮೊದಲ ಮಗುವಿಗೆ ಕೇಂದ್ರ ಸರಕಾರ ನೀಡುವ 5,000 ರೂಪಾಯಿ ಅಷ್ಟು ದಿನಗಳ ಕೂಲಿಯನ್ನು ತುಂಬಿಕೊಡದು. ಅವಳ ವಿಷಯದಲ್ಲಿ ‘ಮೂರನೆಯವರು’ ಎಂದರೆ ಗಂಡನ ಮನೆ ಮಾತ್ರವಲ್ಲ, ಅವಳ ದುಡಿಮೆಯಿಂದ ಗೊನೆ ಕಾಣುವ ನಾವೆಲ್ಲರೂ.

ಆರು ತಿಂಗಳು ತುಂಬುವ ಹೊತ್ತಿಗೆ ಮಗು ಹೊರಗಿನ ದನಿಗೆ ಸ್ಪಂದಿಸತೊಡಗುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಇತರರ ದನಿಗಿಂತ ತಾಯಿಯ ದನಿಯನ್ನೇ ಅದು ಬಯಸುತ್ತದೆಂದು ಪ್ರಯೋಗಗಳು ತೋರಿಸಿವೆ. ಗಡಿಸೀಮೆಯಲ್ಲಿ ಕನ್ನಡ ಉಳಿಯಬೇಕೆಂದು ಸಂಘಗಳಲ್ಲಿ ಸೇರಿ ಚಿಂತಿಸುವ ನಾವು, ಕನ್ನಡದ ಮೊದಲ ಪಾಠಶಾಲೆ ಆ ದನಿಯೇ ಎಂಬುದನ್ನು ಮರೆಯಬಾರದು. ಮರಾಠಿ ಮನೆಗೆ ಸೊಸೆಯಾಗಿ ಹೋದ ಕನ್ನಡದ ಮಗಳೂ, ಕನ್ನಡದ ಮನೆಗೆ ಬಂದ ಮರಾಠಿ ಮಗಳೂ ತನ್ನ ನುಡಿಯಲ್ಲಿ ಅಳುಕಿಲ್ಲದೆ ಮಾತನಾಡಲಿ, ಹಾಡಲಿ, ಬೇಕಾದುದನ್ನು ಬೇಕೆನ್ನಲಿ. ಹಾಗೆ ಮಾತನಾಡಲು ಬಿಡುವ ಮನೆಯಲ್ಲಿ ತಾಯಿಯೂ ಮಗುವೂ ಸುರಕ್ಷಿತರು.