ಧರ್ಮದ ದಟ್ಟಿಗೆ ಮೊಳ ಹಾಕಬಹುದೆ?

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರೆಂಬ ಗಾದೆಯನ್ನು ಕೇಳದ ವಾಚಕರಿರಲಾರರು. ದಾನವಾಗಿ ಬಂದ ವಸ್ತುವಿನ ಉದ್ದಗಲಗಳನ್ನು ಅಳೆದು ನೋಡುವವನು ಕೃತಘ್ನನೆಂಬುದು ಅದರ ತಾತ್ಪರ್ಯವು. ಮಠವೊಂದರ ಪಾಠಶಾಲೆಯಲ್ಲಿ ಉಚಿತವಾದ ಅನ್ನವನ್ನುಂಡು ವ್ಯಾಕರಣವನ್ನೋದಿದ ಈ ಲೇಖಕನಿಗೆ ಆ ಗಾದೆಯನ್ನು ಬೇರೆ ಯಾರೂ ಬೋಧಿಸಬೇಕಾಗಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಬಾಯಿ ಬಿಟ್ಟ ಸಹಪಾಠಿಯೊಬ್ಬನು ಆ ರಾತ್ರಿ ಉಪವಾಸ ಮಲಗಿದುದು ಇನ್ನೂ ನೆನಪಿನಲ್ಲಿದೆ. ಉಪ್ಪು ನಿಜವಾಗಿಯೂ ಹೆಚ್ಚಾಗಿದ್ದಿತು; ಮರುದಿನ ಅದು ಹಿತವಾಗಿದ್ದಿತೆಂಬುದನ್ನೂ ನಾವೆಲ್ಲರೂ ಬಲ್ಲೆವು. ಆದರೂ ಅವನನ್ನು ಸರಿಯೆಂದು ಹೇಳುವ ಧೈರ್ಯವು ಯಾರಿಗೂ ಆಗಲಿಲ್ಲ. ಬಿಟ್ಟಿಯಾಗಿ ಬಂದುದರಲ್ಲಿ ದೋಷವನ್ನು ಹೇಳುವ ಅಧಿಕಾರವು ಪಡೆದವನಿಗೆ ಉಂಟೋ ಇಲ್ಲವೋ ಎಂಬ ಆ ಪ್ರಶ್ನೆಯು ಐವತ್ತು ವರ್ಷಗಳ ತರುವಾಯ, ಅಧ್ಯಾಪಕವೃತ್ತಿಯಿಂದ ವಿಶ್ರಾಂತನಾಗಿ ಬಳಗಾನೂರಿನ ಮನೆಯಲ್ಲಿ ಕುಳಿತಿರುವಾಗ, ಗಣಕಯಂತ್ರದ ರೂಪದಿಂದ ಮತ್ತೆ ನನ್ನೆದುರಿಗೆ ಬಂದು ನಿಂತಿತು.

ಗಣಕಯಂತ್ರದ ಒಳಗೆ ಕುಳಿತು ಕೀಲಿಮಣೆ, ತೆರೆ, ಕಡತ, ಮುದ್ರಣಯಂತ್ರ ಇವೆಲ್ಲವನ್ನೂ ಆಳುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ಇವುಗಳಲ್ಲಿ ಕೆಲವನ್ನು ವ್ಯಾಪಾರಸಂಸ್ಥೆಗಳು ಬೆಲೆಗೆ ಮಾರುತ್ತವೆ. ಅವುಗಳ ಒಳಗುಟ್ಟನ್ನು ಕೊಂಡವನು ನೋಡುವಂತಿಲ್ಲ. ಇನ್ನು ಕೆಲವು ಲೋಕಕ್ಕೆ ಧಾರೆಯೆರೆದವುಗಳು. ಅಮೇರಿಕದ ರಿಚರ್ಡ್ ಸ್ಟಾಲ್ಮನ್ ಎಂಬಾತನು 1983ರಲ್ಲಿ ಗ್ನು ಎಂಬ ಇಂತಹ ಯೋಜನೆಯನ್ನು ಸಾರಿದನು. ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬಾತನು 1991ರಲ್ಲಿ ಲಿನಕ್ಸ್ ಎಂಬ ತಿರುಳನ್ನು ರಚಿಸಿ ಪ್ರಕಟಿಸಿದನು. ಈ ಎರಡರ ಸಂಯೋಗದಿಂದ 1993ರಲ್ಲಿ ಡೆಬಿಯನ್, 2004ರಲ್ಲಿ ಉಬುಂಟು ಮೊದಲಾದ ಪೂರ್ಣ ವ್ಯವಸ್ಥೆಗಳು ಹುಟ್ಟಿದವು. ಇವುಗಳನ್ನು ಯಾರು ಬೇಕಾದರೂ ಬಳಸಬಹುದು, ಮೂಲಬರಹವನ್ನೋದಬಹುದು, ತಿದ್ದಬಹುದು, ತಿದ್ದಿದುದನ್ನು ಹಂಚಬಹುದು. ಹಾಗೆಂದು ಅನುಮತಿಪತ್ರದಲ್ಲಿಯೇ ಬರೆದಿರುತ್ತದೆ. ಅದೇ ಪತ್ರದಲ್ಲಿ ಮತ್ತೊಂದು ಮಾತೂ ಉಂಟು: ಇದರಿಂದ ನಷ್ಟವಾದರೆ ಕೊಟ್ಟವರು ಹೊಣೆಯಲ್ಲ. ಈ ಎರಡನೆಯ ಮಾತನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ನಮ್ಮ ಮನೆಯಲ್ಲಿ ಹಿರಿಯರ ಕಾಲದ ಕೆಲವು ಹಸ್ತಪ್ರತಿಗಳಿವೆ. ಭಾಷೆ ಸಂಸ್ಕೃತ, ಲಿಪಿ ಕನ್ನಡ. ಹುಳು ತಿನ್ನುವುದಕ್ಕೆ ಮೊದಲು ಅವನ್ನು ನಕಲು ಮಾಡಬೇಕೆಂದು ಹೊರಟಾಗ, ರಾಯಚೂರಿನಲ್ಲಿ ಎಂಜಿನಿಯರಿಂಗ್ ಓದುವ ಮಗಳ ಮಗನು ತನ್ನ ಹಳೆಯ ಗಣಕಕ್ಕೆ ಲಿನಕ್ಸನ್ನು ಹಾಕಿ ತಂದುಕೊಟ್ಟನು. ಕೆಲಸವು ಚೆನ್ನಾಗಿಯೇ ಸಾಗಿತು. ಒಂದು ದಿನ ‘ಕಾರ್ತ್ಸ್ನ್ಯ’ ಎಂಬ ಶಬ್ದವು ಬಂದಿತು. ಕೃತ್ಸ್ನ ಶಬ್ದದಿಂದ ಹುಟ್ಟಿದ ಇದಕ್ಕೆ ಸಮಗ್ರತೆಯೆಂದರ್ಥ. ತಕಾರದ ಕೆಳಗೆ ಸಕಾರ ನಕಾರ ಯಕಾರಗಳ ಒತ್ತುಗಳು, ಪಕ್ಕದಲ್ಲಿ ಅರ್ಕಾವತ್ತು. ತೆರೆಯ ಮೇಲೆ ಕೆಳಗಿನ ಒತ್ತುಗಳ ಬುಡವನ್ನು ಕುಡುಗೋಲಿನಿಂದ ಕೊಯ್ದಂತಿದ್ದಿತು. ಸಮಗ್ರತೆಯೆಂಬ ಶಬ್ದವೇ ಅಸಮಗ್ರವಾಗಿ ಕಂಡಿತೆಂದು ನಗುವಷ್ಟು ಸಮಾಧಾನವು ಆಗ ನನಗಿರಲಿಲ್ಲ. ಅಂದೇ ರಾತ್ರಿ ಮೊಮ್ಮಗನಿಂದ ಆ ತಂತ್ರಾಂಶದ ಕರ್ತೃಗಳಿಗೆ ಪತ್ರ ಬರೆಯಿಸಿದೆನು. ನಮ್ಮ ಲಿಪಿಯ ಪ್ರಾಚೀನತೆ, ಅದಕ್ಕಾದ ಅವಮಾನ, ಅನ್ಯದೇಶೀಯರ ಔದಾಸೀನ್ಯ ಇವೆಲ್ಲವೂ ಅದರಲ್ಲಿ ಸವಿಸ್ತಾರವಾಗಿದ್ದವು. ಎರಡು ದಿನಗಳ ಮೇಲೆ ಉತ್ತರ ಬಂದಿತು: ಯಾವ ಆವೃತ್ತಿ? ಯಾವ ಫಾಂಟು? ಏನನ್ನು ಮಾಡಿದಾಗ ಹೀಗಾಯಿತು? ಹೇಗೆ ಕಾಣಬೇಕಾಗಿದ್ದಿತು? ಚಿತ್ರವಿದ್ದರೆ ಕಳಿಸಿ. ಅಷ್ಟೇ. ನನ್ನ ಅಷ್ಟು ಮಾತಿಗೆ ಕಚೇರಿಯ ಗುಮಾಸ್ತನಂತೆ ಐದು ಪ್ರಶ್ನೆಗಳೇ ಎಂದು ಸಿಟ್ಟಾದೆನು. ಆಗ ಹುಡುಗನು, “ತಾತ, ನೀವು ಬೈದದ್ದು ಅವರಿಗೆ ತಿಳೀತು, ಏನು ಕೆಟ್ಟೈತಿ ಅನ್ನೋದು ತಿಳೀಲಿಲ್ಲ” ಎಂದನು.

ಮೂವತ್ತೈದು ವರ್ಷ ಹುಡುಗರ ಉತ್ತರಪತ್ರಿಕೆಗಳನ್ನು ತಿದ್ದಿದವನಿಗೆ ಹುಡುಗನೊಬ್ಬನು ಅಂಕ ಕೊಟ್ಟಂತಾಯಿತು. ಆ ರಾತ್ರಿ ಯೋಚಿಸುತ್ತಿರುವಾಗ ಕಠೋಪನಿಷತ್ತಿನ ಆರಂಭದ ಕಥೆಯು ಮನಸ್ಸಿಗೆ ಬಂದಿತು. ವಾಜಶ್ರವಸನು ಯಜ್ಞದಲ್ಲಿ ಸರ್ವಸ್ವವನ್ನೂ ದಾನ ಮಾಡುತ್ತಾನೆ. ಆದರೆ ಕೊಡುವ ಆಕಳುಗಳು ಮುದಿಯಾಗಿ ಬತ್ತಿದವು. ದಾನದಲ್ಲಿ ದೋಷವನ್ನು ಕಂಡವನು ಪಡೆದ ಬ್ರಾಹ್ಮಣನಲ್ಲ, ಬಾಲಕನಾದ ನಚಿಕೇತನು. ಅವನು ತಂದೆಯನ್ನು ನಿಂದಿಸಲಿಲ್ಲ. ನನ್ನನ್ನು ಯಾರಿಗೆ ಕೊಡುವೆಯೆಂದು ಕೇಳಿದನು. ಒಂದಲ್ಲ, ಮೂರು ಸಲ. ತಂದೆಯು ಸಿಟ್ಟಿನಿಂದ ಮೃತ್ಯುವಿಗೆ ಕೊಟ್ಟೆನೆಂದನು. ಈ ಕಥೆಯನ್ನು ಎಷ್ಟೋ ವರ್ಷ ಪಾಠ ಹೇಳಿದ್ದರೂ ಇದರ ಒಂದಂಶವು ನನಗೆ ಹೊಳೆದಿರಲಿಲ್ಲ. ದೋಷವನ್ನು ಕಂಡವನು ಆ ದಾನದ ಕೊರತೆಯನ್ನು ತುಂಬುವುದಕ್ಕೆ ತನ್ನನ್ನೇ ಒಡ್ಡಿಕೊಂಡನು. ಗಾದೆಯು ಹಳಿಯುವ ಮನುಷ್ಯನು ಹಿತ್ತಲಿಗೆ ಹೋಗಿ ಮರೆಯಲ್ಲಿ ಮೊಳ ಹಾಕಿದವನು. ನಚಿಕೇತನು ಯಜ್ಞಶಾಲೆಯಲ್ಲಿಯೇ, ಕೊಟ್ಟವನ ಎದುರಿಗೆ, ತನ್ನನ್ನೂ ಸೇರಿಸಿ ಅಳೆದನು. ನನ್ನ ಮೊದಲಿನ ಪತ್ರವು ಹಿತ್ತಲಿನದಾಗಿದ್ದಿತೆಂಬುದರಲ್ಲಿ ಸಂಶಯವಿಲ್ಲ. ಅದರಲ್ಲಿ ಕನ್ನಡದ ಅಭಿಮಾನವಿದ್ದಿತು, ನನ್ನ ಶ್ರಮವು ಒಂದು ಗುಂಜಿಯಷ್ಟೂ ಇರಲಿಲ್ಲ.

ನಾವು ಎರಡನೆಯ ಪತ್ರವನ್ನು ಬರೆಯಲು ನಾಲ್ಕು ದಿನ ಹಿಡಿಯಿತು. ಹಳೆಯ ಮುದ್ರಿತ ಪುಸ್ತಕದಲ್ಲಿ ಆ ಶಬ್ದವಿದ್ದ ಪುಟದ ಚಿತ್ರ, ತೆರೆಯ ಮೇಲಿನ ಕತ್ತರಿಸಿದ ರೂಪದ ಚಿತ್ರ, ಮೂರು ಬೇರೆ ಫಾಂಟುಗಳಲ್ಲಿ ಅದೇ ಶಬ್ದ, ಎಷ್ಟು ಒತ್ತುಗಳವರೆಗೆ ಸರಿ, ಎಲ್ಲಿಂದ ತಪ್ಪು ಎಂಬುದಕ್ಕೆ ಮಾದರಿ ಶಬ್ದಗಳು. ಆಗ ತಿಳಿದ ಸಂಗತಿಯು ಸ್ವಾರಸ್ಯವಾದುದು. ಸಾಲಿನ ಎತ್ತರವನ್ನು ಇಂಗ್ಲಿಷಿನ ಅಕ್ಷರಗಳ ಅಳತೆಯಿಂದ ನಿಶ್ಚಯಿಸಿದ್ದರು. ಕೆಳಗೆ ಕೆಳಗೆ ಇಳಿಯುವ ಲಿಪಿಗೆ ಅಲ್ಲಿ ಸ್ಥಳವಿರಲಿಲ್ಲ. ಅದನ್ನು ಬರೆದವರು ದುಷ್ಟರಾಗಿರಲಿಲ್ಲ. ನಾಲ್ಕು ವ್ಯಂಜನಗಳು ಮೈಮೇಲೆ ಬಿದ್ದು ಅರ್ಕಾವತ್ತನ್ನೂ ಹೊತ್ತ ಅಕ್ಷರವೊಂದು ನಿಜವಾದ ಶಬ್ದದಲ್ಲಿ ಇದ್ದೀತೆಂಬುದು ಅವರಿಗೆ ತಿಳಿಯುವ ಬಗೆಯೇ ಇರಲಿಲ್ಲ.

ವ್ಯಾಕರಣವನ್ನೋದಿದವರಿಗೆ ಈ ವ್ಯವಹಾರವು ಹೊಸದಲ್ಲ. ಪಾಣಿನಿಯು ಸುಮಾರು ನಾಲ್ಕು ಸಾವಿರ ಸೂತ್ರಗಳನ್ನು ರಚಿಸಿ ಲೋಕಕ್ಕೆ ಕೊಟ್ಟನು. ಅನಂತರ ಬಂದ ಕಾತ್ಯಾಯನನು ಅವುಗಳಲ್ಲಿ ಸಾವಿರಕ್ಕೂ ಹೆಚ್ಚು ಸೂತ್ರಗಳ ಮೇಲೆ ವಾರ್ತಿಕಗಳನ್ನು ಬರೆದನು. ವಾರ್ತಿಕವೆಂದರೆ ಉಕ್ತ, ಅನುಕ್ತ, ದುರುಕ್ತಗಳ ವಿಚಾರವೆಂದು ನಮಗೆ ಪಾಠವಾಗಿದ್ದಿತು: ಹೇಳಿದುದು, ಹೇಳದೆ ಬಿಟ್ಟುದು, ತಪ್ಪಾಗಿ ಹೇಳಿದುದು. ಗಣಕದವರಿಗೆ ಬರುವ ಸಲಹೆಗಳೂ ಈ ಮೂರೇ ಬಗೆಯವು. ಇರುವುದನ್ನು ಇನ್ನಷ್ಟು ತಿಳಿಯಾಗಿಸಿರೆಂಬುದು ಒಂದು. ಇಲ್ಲದುದನ್ನು ಸೇರಿಸಿರೆಂಬುದು ಎರಡು. ಕೆಟ್ಟುದನ್ನು ಸರಿಪಡಿಸಿರೆಂಬುದು ಮೂರು. ಕಾತ್ಯಾಯನನನ್ನು ಯಾರೂ ಕೃತಘ್ನನೆನ್ನಲಿಲ್ಲ. ಅಷ್ಟೇಕೆ, ಮಹಾಭಾಷ್ಯಕಾರನಾದ ಪತಂಜಲಿಯು ಎಷ್ಟೋ ಕಡೆ ವಾರ್ತಿಕವು ಅನಾವಶ್ಯಕವೆಂದು ತೋರಿಸಿ ಪಾಣಿನಿಯ ಸೂತ್ರವನ್ನೇ ಎತ್ತಿ ಹಿಡಿದನು. ಮತ್ತೆಷ್ಟೋ ಕಡೆ ವಾರ್ತಿಕವನ್ನೊಪ್ಪಿದನು. ಮೂವರೂ ಮುನಿಗಳೆಂದೇ ಪೂಜಿತರು. ಭಿನ್ನಾಭಿಪ್ರಾಯವುಂಟಾದಲ್ಲಿ ನಂತರದವನ ಮಾತೇ ಹೆಚ್ಚು ಪ್ರಮಾಣವೆಂಬುದು ನಮ್ಮ ಸಂಪ್ರದಾಯ. ಆದರೆ ಕಾತ್ಯಾಯನನ ಯೋಗ್ಯತೆಯು ಒಂದು ಮಾತಿನ ಮೇಲೆ ನಿಂತಿದೆ: ಅವನು ಸೂತ್ರವನ್ನು ಓದಿದ್ದನು.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ಸಲಹೆ ಕೊಡುವವರು ಲಕ್ಷಗಟ್ಟಲೆ, ಕೆಲಸ ಮಾಡುವವರು ಬೆರಳೆಣಿಕೆಯವರು. ಯಾರ ಮಾತು ನಡೆಯಬೇಕು? ಉಬುಂಟುವಿನವರು 2008ರಲ್ಲಿ, ಬಳಸುವವರು ತಮ್ಮ ಸಲಹೆಗಳನ್ನು ಬರೆದು ಒಬ್ಬರು ಮತ್ತೊಬ್ಬರ ಸಲಹೆಗೆ ಮತ ಹಾಕುವಂತೆ ಒಂದು ಏರ್ಪಾಡನ್ನು ಮಾಡಿದರು. ಅದು 2013ರ ವರೆಗೆ ನಡೆದು ನಿಂತುಹೋಯಿತು. ನಡುವೆ 2010ರಲ್ಲಿ ಒಂದು ಕೋಲಾಹಲವೆದ್ದಿತು. ಕಿಟಕಿಯನ್ನು ಮುಚ್ಚುವ ಗುಂಡಿಗಳನ್ನು ಬಲಗಡೆಯಿಂದ ಎಡಗಡೆಗೆ ಸರಿಸಿದ್ದರು. ಬಹುಜನರು ಪ್ರತಿಭಟಿಸಿದರು. ಸ್ಥಾಪಕನಾದ ಮಾರ್ಕ್ ಷಟಲ್‌ವರ್ತನು, ಈ ವಿಷಯಗಳು ಮತದಿಂದ ತೀರ್ಮಾನವಾಗತಕ್ಕವುಗಳಲ್ಲವೆಂದು ನಿಷ್ಠುರವಾಗಿ ಹೇಳಿಬಿಟ್ಟನು. ಗುಂಡಿಗಳು ಎಡದಲ್ಲಿಯೇ ಉಳಿದು, 2017ರಲ್ಲಿ ಬಲಕ್ಕೆ ಮರಳಿದವು. ಉಬುಂಟುವೆಂಬ ಆಫ್ರಿಕದ ಶಬ್ದಕ್ಕೆ ಮಾನವರು ಒಬ್ಬರಿಂದೊಬ್ಬರು ಮಾನವರಾಗುತ್ತಾರೆಂಬ ಅಭಿಪ್ರಾಯವುಂಟಷ್ಟೆ. ಅದನ್ನು ನೆನೆದು ಅನೇಕರು ಆತನನ್ನು ಹಂಗಿಸಿದರು. ನನಗಾದರೋ ಆತನು ಹೇಳಿದುದರಲ್ಲಿ ಅರ್ಧ ಸತ್ಯವಿದೆಯೆಂದು ತೋರುತ್ತದೆ. ಸೂತ್ರಗಳನ್ನು ಕೈಯೆತ್ತಿಸಿ ರಚಿಸಲಾಗದು. ಇನ್ನರ್ಧವೆಂದರೆ, ಬಲದ ಗುಂಡಿಗೆ ಒಗ್ಗಿದ ಕೈಗಳು ಲಕ್ಷಾಂತರವಿದ್ದವು, ಆ ಅಭ್ಯಾಸವೂ ಒಂದು ಬಗೆಯ ಪ್ರಮಾಣವೇ. ಶಬ್ದಪ್ರಯೋಗದಲ್ಲಿ ಲೋಕವೇ ಪ್ರಮಾಣವೆಂಬುದನ್ನು ವೈಯಾಕರಣರು ಎಂದೋ ಒಪ್ಪಿದ್ದಾರೆ.

ಒಪ್ಪದವರಿಗೆ ಈ ಲೋಕದಲ್ಲಿ ಮತ್ತೊಂದು ದಾರಿಯೂ ಉಂಟು. 2011ರಲ್ಲಿ ಗ್ನೋಮ್ ಎಂಬ ಮೇಜುಪರಿಸರವು ತನ್ನ ಮೂರನೆಯ ಆವೃತ್ತಿಯಲ್ಲಿ ರೂಪವನ್ನೇ ಬದಲಿಸಿದಾಗ, ಹಳೆಯದೇ ಬೇಕೆಂದವರು ಅದನ್ನು ಮಾಟೆ ಎಂಬ ಹೆಸರಿನಿಂದ ಬೇರೆಯಾಗಿ ಮುಂದುವರಿಸಿದರು. ಮೂಲದವರು ತಡೆಯಲಿಲ್ಲ, ತಡೆಯುವ ಅಧಿಕಾರವನ್ನು ಅನುಮತಿಪತ್ರವೇ ಕಸಿದಿದ್ದಿತು. ವೇದಕ್ಕೆ ಶಾಖೆಗಳು ಹುಟ್ಟಿದಂತೆ ಇದೆಂದು ಭಾವಿಸಬಹುದು.

ಆದರೆ ಶಾಖೆಯನ್ನು ಹುಟ್ಟಿಸುವ ಬಲವಿರುವವರು ಎಷ್ಟು ಜನ? “ನಿಮಗೆ ಬೇಕಾದರೆ ನೀವೇ ತಿದ್ದಿಕೊಳ್ಳಿರಿ” ಎಂಬ ಉತ್ತರವು ಈ ವಲಯದಲ್ಲಿ ಆಗಾಗ ಕೇಳಿಬರುವುದೆಂದು ಮೊಮ್ಮಗನು ಹೇಳಿದನು. ನ್ಯಾಯದ ವೇಷದಲ್ಲಿರುವ ಈ ಉತ್ತರವನ್ನು ನಾನು ಅನ್ಯಾಯವೆಂದೇ ಎಣಿಸುತ್ತೇನೆ. ನಮ್ಮ ಸಿಂಧನೂರು ಸೀಮೆಯ ಗದ್ದೆಗಳಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ನೀರು ಬರುತ್ತದೆ. ಕಾಲುವೆಯ ಕೊನೆಯಂಚಿನ ರೈತನಿಗೆ ತೂಬನ್ನು ಕಟ್ಟಲು ಬಾರದು, ನೀರಿನ ಗಣಿತವೂ ಬಾರದು. ಆದರೆ ನೀರು ಬಂದಿತೋ ಇಲ್ಲವೋ ಎಂಬುದನ್ನು ಅವನಷ್ಟು ನಿಶ್ಚಯವಾಗಿ ಬಲ್ಲ ಎಂಜಿನಿಯರನಿಲ್ಲ. ನೀರು ಬರಲಿಲ್ಲವೆಂದು ಬಂದವನಿಗೆ ನೀನೇ ಕಾಲುವೆ ತೋಡಿಕೊ ಎಂದರೆ ಏನು ಹೇಳಿದಂತಾಯಿತು? ಡೆಬಿಯನ್ನಿನವರು 1997ರಲ್ಲಿ ತಮ್ಮ ಸಮಾಜದೊಡನೆ ಮಾಡಿಕೊಂಡ ಒಡಂಬಡಿಕೆಯಲ್ಲಿ, ತಮ್ಮ ದೋಷಗಳನ್ನು ಬಚ್ಚಿಡುವುದಿಲ್ಲ, ಜನರು ಬರೆದು ತಿಳಿಸಿದ ದೋಷಗಳನ್ನೆಲ್ಲ ಎಲ್ಲರೂ ನೋಡುವಂತೆ ಇಡುವೆವೆಂದು ಮಾತು ಕೊಟ್ಟಿದ್ದಾರೆ. ಹೊಣೆಯಿಲ್ಲವೆಂದು ಅನುಮತಿಪತ್ರವು ಹೇಳಿದ ಮೇಲೆಯೂ ಸ್ವಯಂಪ್ರೇರಿತರಾಗಿ ಹೊತ್ತುಕೊಂಡ ಹೊಣೆಯಿದು. ಕಾನೂನು ಬಿಡಿಸಿದ ಋಣವನ್ನು ಮನಸ್ಸು ಬಿಡಿಸದೆ ಉಳಿಸಿಕೊಂಡಿತು.

ಇನ್ನು ಸಲಹೆಯು ನಿರಾಕೃತವಾದಾಗ ಹೇಗಿರಬೇಕೆಂಬುದು. ಇದನ್ನು ನಾನು ಇನ್ನೂ ಕಲಿಯುತ್ತಿದ್ದೇನೆ. ಅದೇ ಗಣಕದಲ್ಲಿ ಅಕ್ಷರಗಳ ಪಟ್ಟಿಯನ್ನು ತೋರಿಸುವ ಒಂದು ಸಾಧನವಿದೆ. ಅದರಲ್ಲಿ ಹಳಗನ್ನಡದ ೞಕಾರವನ್ನು, ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅಷ್ಟು ಶ್ರದ್ಧೆಯಿಂದ ವಿಚಾರಿಸಿದ ಅಕ್ಷರವನ್ನು, ಹುಡುಕಿದೆನು. ಸಿಕ್ಕಿತು, ಹೆಸರು ಮಾತ್ರ ‘ಕನ್ನಡ ಲೆಟರ್ ಫಾ’ ಎಂದಿದ್ದಿತು! ಇಂಗ್ಲಿಷಿನ ಎಫ್ ಧ್ವನಿಗೂ ೞಕಾರಕ್ಕೂ ಏನು ಸಂಬಂಧ? ಈ ಸಲ ಬೈಯದೆ, ಪ್ರಮಾಣಗಳೊಡನೆ ಬರೆದೆವು. ಉತ್ತರವೂ ವಿನಯವಾಗಿಯೇ ಬಂದಿತು. ಹೆಸರು ತಮ್ಮದಲ್ಲ, ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡಿನದು. ತಪ್ಪೆಂಬುದನ್ನು ಅವರೂ ಒಪ್ಪಿ, ಸರಿಯಾದ ಹೆಸರನ್ನು ತಿದ್ದುಪಡಿಯ ಉಪನಾಮವಾಗಿ ಸೇರಿಸಿದ್ದಾರೆ. ಆದರೆ 1996ರ ಎರಡನೆಯ ಆವೃತ್ತಿಯಿಂದೀಚೆಗೆ ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸುವುದಿಲ್ಲವೆಂಬ ನಿಯಮವುಂಟು, ಏಕೆಂದರೆ ಎಲ್ಲೆಲ್ಲಿಯೋ ಬರೆದ ತಂತ್ರಾಂಶಗಳು ಆ ಹೆಸರನ್ನು ನಂಬಿಕೊಂಡಿವೆ.

ಸಮೀಪದ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1915ರಲ್ಲಿ ಬೀಡನ್ ಎಂಬ ಗಣಿಯ ಎಂಜಿನಿಯರನಿಗೆ ಅದು ಗೋಚರವಾಯಿತು. ಕಲ್ಲಿನಲ್ಲಿ ಕೊರೆದುದನ್ನು ತಿದ್ದುವಂತಿಲ್ಲವೆಂದು ಹುಡುಗರಿಗೆ ಅಲ್ಲಿಗೆ ಕರೆದೊಯ್ದು ಹೇಳುತ್ತಿದ್ದೆನು. ಗಾಳಿಯಂತೆ ಹಗುರವಾದ ಗಣಕದೊಳಗೂ ಅಂತಹ ಬಂಡೆಗಳಿರುವುದೆಂದು ಆಗ ತಿಳಿದಿರಲಿಲ್ಲ. ನಿರಾಕರಣವು ಯುಕ್ತವೆಂದು ಬುದ್ಧಿಯು ಒಪ್ಪುತ್ತದೆ. ೞಕಾರಕ್ಕೆ ಫಾ ಎಂಬ ಹೆಸರನ್ನು ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಏನೋ ತಿರುಚಿದಂತಾಗುವುದು ಮಾತ್ರ ನಿಂತಿಲ್ಲ.

‘ಕಾರ್ತ್ಸ್ನ್ಯ’ದ ವಿಷಯಕ್ಕೆ ಬಂದರೆ, ಏಳು ತಿಂಗಳ ಮೇಲೆ ಹೊಸ ಆವೃತ್ತಿಯಲ್ಲಿ ಬರಹದ ಪುಟದೊಳಗೆ ಅದು ಬುಡಸಹಿತವಾಗಿ ಕಾಣಿಸಿತು. ಕಡತದ ಹೆಸರಾಗಿ ಬರೆದರೆ ಇನ್ನೂ ಯಕಾರದ ಬಾಲವು ಕತ್ತರಿಸುತ್ತದೆ. ಅದಕ್ಕೆ ಬೇರೆ ಪತ್ರ ಬೇಕಂತೆ. ಮೊಮ್ಮಗನು ದಸರೆಯ ರಜೆಗೆ ಬರುವಷ್ಟರಲ್ಲಿ ಮಾದರಿ ಶಬ್ದಗಳ ಪಟ್ಟಿಯನ್ನು ಸಿದ್ಧಪಡಿಸಿಡುತ್ತೇನೆಂದು ಹೇಳಿದ್ದೇನೆ. ಈ ವರೆಗೆ ನಲವತ್ತೊಂದು ಆಗಿವೆ.